ಕಾರಣಪ್ಪನ ಪ್ರೊಸೆಸರ್

ಬಸ್ಸು ತಡವಾದರೆ ಪ್ರಯಾಣಿಕರು ಡ್ರೈವರನ್ನು ಬೈಯುತ್ತಾರೆ, ಡ್ರೈವರು ರಸ್ತೆಯನ್ನು ಬೈಯುತ್ತಾನೆ. ಬೈಗುಳವನ್ನು ದಾಖಲೆಯಲ್ಲಿ ಬರೆಯಲು ಬರುವುದಿಲ್ಲವಾದ್ದರಿಂದ, ಡಿಪೋದ ಎರಡನೇ ಮಹಡಿಯಲ್ಲಿ, ಜೆರಾಕ್ಸ್ ಯಂತ್ರಕ್ಕೂ ಕೈತೊಳೆಯುವ ಬೇಸಿನ್ನಿಗೂ ನಡುವೆ ಮೇಜೊಂದನ್ನು ಹಾಕಿ, ಅದರ ಹಿಂದೆ ಒಬ್ಬ ಗುಮಾಸ್ತನನ್ನು ಕೂರಿಸಿದ್ದರು. ತಡವಾದ ಪ್ರತಿಯೊಂದು ಬಸ್ಸಿಗೂ ಒಂದೊಂದು ಕಾರಣ ಬರೆಯುವುದು ಅವನ ಕೆಲಸ. ರೈಲ್ವೆ ಗೇಟು ಹಾಕಿತ್ತು. ಟಯರು ಪಂಕ್ಚರಾಯಿತು. ಸೇತುವೆಯ ನಡುವೆ ಕತ್ತೆಯೊಂದು ನಿಂತಿತ್ತು, ಎಷ್ಟು ಹಾರನ್ ಹೊಡೆದರೂ ಅದು ವಿಚಾರ ಮಾಡುತ್ತಲೇ ಇತ್ತು. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಅವನು ಒಮ್ಮೆಯೂ ‘ಡ್ರೈವರು ನಿಧಾನವಾಗಿ ಓಡಿಸಿದ’ ಎಂದು ಬರೆದವನಲ್ಲ. ಬರೆದಿದ್ದರೆ ಡ್ರೈವರುಗಳ ಸಂಘದವರು ಮೇಜಿನ ಸಮೇತ ಅವನನ್ನು ಎತ್ತಿಕೊಂಡು ಹೋಗಿ ಶೆಡ್ಡಿನ ಹಿಂದೆ ಇಳಿಸಿಬಿಡುತ್ತಿದ್ದರು ಎಂಬುದು ಒಂದು ಮಾತು. ತಪ್ಪು ಯಾವತ್ತೂ ಮನುಷ್ಯನದಾಗಿರುವುದಿಲ್ಲ ಎಂದು ಅವನೂ ಮನಸಾರೆ ನಂಬಿದ್ದ ಎಂಬುದು ಇನ್ನೊಂದು ಮಾತು. ಹೀಗಾಗಿ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಉಳಿದವರ ಬಾಯಲ್ಲಿ ಅವನು ಕಾರಣಪ್ಪನಾದ.

ಇಂಥವನು ಮೂರು ವರ್ಷಗಳ ಹಿಂದೆ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡಿದ್ದ. ಅದರ ಕೀಲಿಮಣೆ ಕೆಂಪು, ನೀಲಿ, ಹಸಿರು ಬಣ್ಣಗಳಲ್ಲಿ ಹೊತ್ತಿಕೊಂಡು ಉರಿಯುತ್ತಿತ್ತು. “ಊಟದ ಮೇಜಿನ ಮೇಲೆ ಇದೇನ್ರೀ, ಸಲೂನ್ ತೆಗೆದಂಗಿದೆ” ಎಂದು ಹೆಂಡತಿ ಮೊದಲ ದಿನವೇ ಹೇಳಿದ್ದಳು. ಅವಳು ಶಾಲೆಯಲ್ಲಿ ರೇಖಾಗಣಿತ ಕಲಿಸುವವಳು. ಯಾವ ಮಾತನ್ನೂ ಎರಡು ಸಲ ಹೇಳುವ ಅಭ್ಯಾಸವಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೆಂಡತಿಯ ತಮ್ಮ ಬರುತ್ತಿದ್ದ. ಲಿಫ್ಟ್ ರಿಪೇರಿ ಮಾಡುವ ಈ ಭಾಮೈದ ತನ್ನ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಬಂದು, ಭಾವನ ಎದುರಿಗೆ ಕುಳಿತು, ಎರಡು ಯಂತ್ರಗಳಿಗೂ ತಂತಿ ಜೋಡಿಸುತ್ತಿದ್ದ. ಇಬ್ಬರೂ ಕಾರಿನ ರೇಸು ಆಡುತ್ತಿದ್ದರು. ಮಗಳ ಮನೆಯಲ್ಲೇ ಇರುತ್ತಿದ್ದ ಅತ್ತೆ, ಅಳಿಯನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಾವೂ ಆ ಕಾರಿನಲ್ಲೇ ಕುಳಿತವರಂತೆ ಪ್ರತಿ ತಿರುವಿಗೂ ನೆಲವನ್ನು ಕಾಲಿನಿಂದ ಒತ್ತುತ್ತಿದ್ದರು. ಹೆಂಡತಿ ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೊನೆಗೆ ಕಾರಣಪ್ಪ ಸೋಲುತ್ತಿದ್ದ. ನಮ್ಮ ಕಥೆ ಆರಂಭವಾಗುವ ಹೊತ್ತಿಗೆ ಅವನು ಸತತವಾಗಿ ನೂರ ಐವತ್ತನಾಲ್ಕು ಭಾನುವಾರ ಸೋತಿದ್ದ. ಇಷ್ಟು ಶಿಸ್ತಿನಿಂದ ಸೋಲುವುದಕ್ಕೂ ಒಂದು ಯೋಗ್ಯತೆ ಬೇಕು.

“ನನ್ನ ಕೈ ಆಗಲೇ ತಿರುಗಿಸಿತ್ತು” ಎಂದು ಅವನು ಆ ದಿನವೂ ವಿವರಿಸಿದ. “ಆ ಸುದ್ದಿ ಪ್ರೊಸೆಸರ್‌ಗೆ ತಲುಪೋ ಹೊತ್ತಿಗೆ ಕಾರು ಹುಲ್ಲಿನಲ್ಲಿತ್ತು.”

ಭಾಮೈದ ಎರಡೂ ಕೈ ಜೋಡಿಸಿದ. “ಭಾವ, ಮೂರು ವರ್ಷ ಆಯ್ತು. ನಾನು ಗೆದ್ದೆ ಅಂತ ಒಂದು ಸಲ, ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿ.”

“ನೀನು ಮೊದಲು ಬಂದೆ. ಯಾರು ಇಲ್ಲ ಅಂದ್ರು?”

“ಮೊದಲು ಬರೋದಕ್ಕೂ ಗೆಲ್ಲೋದಕ್ಕೂ ಏನು ವ್ಯತ್ಯಾಸ?”

“ಪ್ರೊಸೆಸರ್.”

“ಹಾಗಾದ್ರೆ ಆ ಹಾಳು ಪ್ರೊಸೆಸರನ್ನ ಬದಲಾಯಿಸಿಬಿಡಿ ಅಳಿಯಂದ್ರೇ” ಎಂದರು ಅತ್ತೆ, ನೋಯುತ್ತಿದ್ದ ಕಾಲನ್ನು ತಿಕ್ಕಿಕೊಳ್ಳುತ್ತ. “ಬ್ರೇಕ್ ಹಾಕಿ ಹಾಕಿ ನನ್ನ ಮಂಡಿ ಹೋಯ್ತು.”

“ಯೋಚನೆ ಮಾಡ್ತಾ ಇದ್ದೀನಿ ಅತ್ತೆ. ಅದೇನು ಬಲ್ಬೇ, ತೆಗೆದು ಹಾಕೋಕೆ?”

ಯೋಚನೆ ಮಾಡುತ್ತಿದ್ದುದು ಸುಳ್ಳಲ್ಲ. ಅದಕ್ಕೆಂದೇ ಅವನ ಬಳಿ ಒಂದು ಹಸಿರು ಫೈಲಿತ್ತು. ಅದರಲ್ಲಿ ಬಗೆಬಗೆಯ ಪ್ರೊಸೆಸರ್‌ಗಳ ಗುಣಾವಗುಣಗಳನ್ನು ಹೋಲಿಸಿದ ಹಾಳೆಗಳಿದ್ದವು. ಡಿಪೋದಲ್ಲಿ ಬೇರೆಯವರ ಮದುವೆ ನಿಶ್ಚಯವಾಯಿತು, ಮನೆ ಕಟ್ಟಿ ಮುಗಿಯಿತು, ಇಬ್ಬರು ನಿವೃತ್ತರೂ ಆದರು. ಕಾರಣಪ್ಪನದು ಮಾತ್ರ ಇನ್ನೂ ತೀರ್ಮಾನವಾಗದ ವಿಷಯವಾಗಿ ಉಳಿದು, ಅವನಿಗೊಂದು ತೂಕ ತಂದುಕೊಟ್ಟಿತ್ತು. “ಏನಾಯ್ತ್ರೀ ನಿಮ್ಮ ಪ್ರೊಸೆಸರ್ರು?” ಎಂದು ಮ್ಯಾನೇಜರು ಸಹ ಮೆಟ್ಟಿಲ ಮೇಲೆ ನಿಂತು ಕೇಳುವರು. “ಎರಡೂ ಕಡೆ ನೋಡಬೇಕಲ್ಲ ಸಾರ್” ಎಂದು ಇವನು, ಎರಡು ದೇಶಗಳ ಗಡಿ ಗುರುತಿಸಬೇಕಾದವನಂತೆ, ನಿಟ್ಟುಸಿರು ಬಿಡುವನು.

ಎಡವಟ್ಟಾದದ್ದು ಕ್ಯಾಂಟೀನಿನಲ್ಲಿ. ಟೀ ಕುಡಿಯುತ್ತ ಅವನು ಅಗತ್ಯಕ್ಕಿಂತ ಒಂದು ವಾಕ್ಯ ಹೆಚ್ಚಿಗೆ ಆಡಿಬಿಟ್ಟ.

“ಪ್ರೊಸೆಸರ್ ಬದಲಾದ ದಿನ ನಮ್ಮ ಭಾಮೈದನಿಗೆ ನನ್ನ ಹಿಂದಿನ ಲೈಟು ಬಿಟ್ಟು ಬೇರೇನೂ ಕಾಣಲ್ಲ.”

ಎದುರಿಗೆ ಕುಳಿತಿದ್ದವರು ಹೆಡ್ ಮೆಕ್ಯಾನಿಕ್. ಇನ್ನೂರು ಬಸ್ಸುಗಳ ಎಂಜಿನ್ ಇಳಿಸಿ ಏರಿಸಿದ ಕೈ. ಕೆಟ್ಟ ಯಂತ್ರ ಒಂದು ಕಡೆ ಇದೆ ಎಂದು ಗೊತ್ತಾದರೆ ಅವರಿಗೆ ಅನ್ನ ಸೇರುವುದಿಲ್ಲ.

“ಎಂಜಿನ್ ಸತ್ತ ಗಾಡೀನ ಮನೇಲಿ ಇಟ್ಕೊಂಡು ಇಲ್ಲಿ ಆರಾಮಾಗಿ ಟೀ ಕುಡೀತಿದೀರಲ್ರೀ!”

“ಸತ್ತಿಲ್ಲ, ಸ್ವಲ್ಪ ನಿಧಾನ ಅಷ್ಟೇ.”

“ನಿಧಾನ ಅಂದ್ರೆ ಸಾಯ್ತಾ ಇದೆ ಅಂತ. ಶನಿವಾರ ಮನೇಲಿರಿ. ನಾನು ಬರ್ತೀನಿ.”

“ಇನ್ನೂ ಎರಡೂ ಕಡೆ—”

“ಎರಡೂ ಕಡೆ ಬಿಚ್ಚೋಣ.”

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹೆಡ್ ಮೆಕ್ಯಾನಿಕ್ ಬಂದೇಬಿಟ್ಟರು. ಒಂದು ಕೈಯಲ್ಲಿ ಸ್ಪ್ಯಾನರಿನ ಪೆಟ್ಟಿಗೆ. ಇನ್ನೊಂದು ಕೈಯಲ್ಲಿ ಗ್ರೀಸ್ ಒರೆಸುವ ಬಟ್ಟೆಯ ಗಂಟು. ಅದನ್ನು ಬಿಚ್ಚಿದರೆ ಒಳಗೆ ಉಗುರಿನಷ್ಟು ದಪ್ಪದ, ಬಿಸ್ಕತ್ತಿನಷ್ಟು ಅಗಲದ ಒಂದು ಪ್ರೊಸೆಸರ್. ಟಿಕೆಟ್ ಕೌಂಟರಿನಲ್ಲಿ ಹದಿನಾಲ್ಕು ವರ್ಷ ದುಡಿದು ಗುಜರಿ ಸೇರಿದ್ದ ಕಂಪ್ಯೂಟರಿನಿಂದ ಕಿತ್ತದ್ದು. ಮ್ಯಾನೇಜರಿಂದ ‘ಮಾನವೀಯ ನೆಲೆಯಲ್ಲಿ’ ಎಂದು ಬರೆಸಿ ಸಹಿ ಹಾಕಿಸಿಕೊಂಡು ತಂದಿದ್ದರು.

“ಇವತ್ತು ದಿನ ಸರಿಯಿಲ್ಲ” ಎಂದ ಕಾರಣಪ್ಪ. “ಕರೆಂಟು ಹೋಗೋ ಸಂಭವ ಇದೆ. ಪಕ್ಕದ ಮನೆಯವರು ಮಲಗಿದಾರೆ. ನನ್ನ ಬಲಗೈ ಹೆಬ್ಬೆರಳು ಬೇರೆ ಊದಿದೆ.”

“ಬಿಚ್ಚೋದು ನಾನು. ನಿಮ್ಮ ಹೆಬ್ಬೆರಳಿಗೇನ್ರೀ ಕೆಲಸ?” ಎಂದು ಮೆಕ್ಯಾನಿಕ್ ನೆಲದ ಮೇಲೆ ಪೇಪರು ಹಾಸಿ, ಲ್ಯಾಪ್‌ಟಾಪನ್ನು ಬೆನ್ನು ಮೇಲಾಗಿ ಮಲಗಿಸಿ, ಕೆಳಗೊಂದು ತಟ್ಟೆ ಇಟ್ಟರು.

“ತಟ್ಟೆ ಯಾಕೆ?” ಎಂದು ಹೆಂಡತಿ ಕೇಳಿದಳು.

“ಆಯಿಲ್ ಇಳಿಸೋಕೆ.”

“ಅದರಲ್ಲಿ ಆಯಿಲ್ ಇರಲ್ಲ ಅನ್ಸುತ್ತೆ.”

“ಇಲ್ಲದೆ ಓಡಿಸಿದಾರಾ ಮೂರು ವರ್ಷ? ಇನ್ನೇನಾಗುತ್ತೆ ಮತ್ತೆ!”

ಅತ್ತೆ ಒಳಗಿನಿಂದ ಟಾರ್ಚು ತಂದು, ಕೇಳುವ ಮುಂಚೆಯೇ ಬೆಳಕು ಹಿಡಿದರು. ಮೆಕ್ಯಾನಿಕ್ ಪೆಟ್ಟಿಗೆಯಲ್ಲಿದ್ದ ಅತಿ ಚಿಕ್ಕ ಸ್ಪ್ಯಾನರನ್ನು ಆರಿಸಿದರು. ಅದು ಲ್ಯಾಪ್‌ಟಾಪಿಗಿಂತ ತುಸು ಉದ್ದವಿತ್ತು. ಕಾರಣಪ್ಪ ಓಡಿಬಂದು ನೆಲಕ್ಕೆ ಬಿದ್ದು ಯಂತ್ರವನ್ನು ಎರಡೂ ತೋಳುಗಳಿಂದ ತಬ್ಬಿಕೊಂಡ.

“ವಾರಂಟಿ!” ಎಂದು ಕೂಗಿದ.

“ಮುಗಿದು ಎರಡು ವರ್ಷ ಆಯ್ತು” ಎಂದಳು ಹೆಂಡತಿ. “ಏಳಿ. ಇವತ್ತೇ ಆಗಿಹೋಗ್ಲಿ.”

“ತಜ್ಞರು! ತಜ್ಞರ ಅಭಿಪ್ರಾಯ ತಗೊಳ್ಳದೆ ಯಾವನಾದ್ರೂ ಆಪರೇಷನ್ ಮಾಡ್ತಾನೇನ್ರೀ?”

ಆ ಮಾತು ಅತ್ತೆಗೆ ನಾಟಿತು. ಹೀಗೆ ಐದು ನಿಮಿಷದ ನಂತರ ಒಂದು ಮೆರವಣಿಗೆ ಬೀದಿಗಿಳಿಯಿತು. ಮುಂದೆ ಹಗಲು ಹೊತ್ತಿನಲ್ಲಿ ಟಾರ್ಚು ಹಿಡಿದ ಅತ್ತೆ, ಅವರ ಹಿಂದೆ ದಿಂಬಿನ ಮೇಲೆ ಲ್ಯಾಪ್‌ಟಾಪ್ ಹೊತ್ತ ಹೆಡ್ ಮೆಕ್ಯಾನಿಕ್, ಅವರ ಹಿಂದೆ ಹಸಿರು ಫೈಲಿನೊಡನೆ ಕಾರಣಪ್ಪ, ಕೊನೆಗೆ ಬಾಗಿಲಿಗೆ ಬೀಗ ಹಾಕಿಕೊಂಡು ಬಂದ ಹೆಂಡತಿ. ಕೆಳಗಿನ ಮನೆಯ ಟೈಲರು ಕತ್ತಿನಲ್ಲಿ ಟೇಪು ನೇತಾಡಿಸಿಕೊಂಡು ಹೊರಬಂದು, “ಏನಾಯ್ತು?” ಎಂದರು.

“ಎಂಜಿನ್ ಬದಲಾಯಿಸ್ಬೇಕು” ಎಂದರು ಅತ್ತೆ.

“ಅಯ್ಯೋ, ಈ ವಯಸ್ಸಲ್ಲೇ?” ಎಂದು ಟೈಲರು ಅಂಗಡಿಯ ಬಾಗಿಲು ಎಳೆದು ತಾವೂ ಸೇರಿಕೊಂಡರು.

ಲ್ಯಾಪ್‌ಟಾಪ್ ರಿಪೇರಿಯ ಅಂಗಡಿ ಅಗಲಕ್ಕಿಂತ ಎತ್ತರ ಹೆಚ್ಚಿದ್ದ ಒಂದು ಗೂಡು. ಅದನ್ನು ನಡೆಸುತ್ತಿದ್ದವಳು ಹಣೆಯ ಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡ, ಮಾತು ಕಡಿಮೆಯ ಹೆಂಗಸು. ಅವಳು ಬೆರಳುದ್ದದ ಸ್ಕ್ರೂಡ್ರೈವರಿನಿಂದ ಹತ್ತು ತಿರುಪು ಬಿಚ್ಚಿ ತಳ ತೆಗೆದಳು. ಫ್ಯಾನಿನ ಬಾಯಿಂದ ಬೂದು ಬಣ್ಣದ ಧೂಳಿನ ಕಂಬಳಿಯೊಂದು ಇಡಿಯಾಗಿ ಎದ್ದುಬಂತು. ಟೈಲರು ಅದನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, “ಒಳ್ಳೇ ನೇಯ್ಗೆ” ಎಂದರು.

“ಪಾಪ, ಉಸಿರು ಕಟ್ಕೊಂಡು ಓಡಿದೆ” ಎಂದು ಅವಳು ಬ್ಲೋವರ್ ಹಿಡಿದು ಸದ್ದು ಮಾಡುತ್ತ ಎಲ್ಲವನ್ನೂ ಊದಿದಳು. ಹೆಡ್ ಮೆಕ್ಯಾನಿಕ್ ಗಂಟು ಬಿಚ್ಚಿ ತಮ್ಮ ಪ್ರೊಸೆಸರನ್ನು ಮೇಜಿನ ಮೇಲಿಟ್ಟರು. “ಹಳೇದು ತೆಗೆದು ಇದನ್ನ ಕೂರಿಸಿ. ಟೈಟಾಗ್ಲಿಲ್ಲ ಅಂದ್ರೆ ಹೇಳಿ, ನಾನಿದ್ದೀನಿ.”

ಅವಳು ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು ನೋಡಿದಳು.

“ಇದು ಮೇಜಿನ ಕಂಪ್ಯೂಟರ್‌ದು. ಇದರಲ್ಲಿ ಕೂರಲ್ಲ. ಈ ಲ್ಯಾಪ್‌ಟಾಪಲ್ಲಿ ಪ್ರೊಸೆಸರನ್ನ ಬೋರ್ಡಿಗೇ ಬೆಸುಗೆ ಹಾಕಿದಾರೆ. ಬದಲಾಯಿಸೋಕೆ ಆಗಲ್ಲ.”

ಹೆಡ್ ಮೆಕ್ಯಾನಿಕ್ ತಲೆಯ ಟೋಪಿ ತೆಗೆದರು. ಮೂರು ವರ್ಷದ ಫೈಲು ಎದೆಗವಚಿಕೊಂಡು ನಿಂತಿದ್ದವನ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ನೋಡಿದ್ದರೆ, ಆ ಮುಖ ನಿಧಾನವಾಗಿ ಅರಳುತ್ತಿದ್ದುದು ಕಾಣುತ್ತಿತ್ತು.

“ಯಾವತ್ತೂ ಆಗಲ್ವಾ?” ಎಂದು ಅವನು ಪಿಸುಗುಟ್ಟಿದ.

“ಯಾವತ್ತೂ.”

“ಯಾರ ಕೈಲೂ?”

“ನನ್ನ ಕೈಲಂತೂ ಆಗಲ್ಲ. ಬೇರೆಯವರ ಕೈಗೆ ಕೊಡಲೂಬೇಡಿ.”

“ಬರೆದುಕೊಡ್ತೀರಾ ಮೇಡಂ?”

ಅವಳು ರಸೀದಿ ಪುಸ್ತಕದ ಹಾಳೆ ಹರಿದು ಬರೆಯತೊಡಗಿದಳು: ‘ಈ ಲ್ಯಾಪ್‌ಟಾಪಿನ ಪ್ರೊಸೆಸರ್ ಬದಲಾಯಿಸಲು ಬರುವುದಿಲ್ಲ. ಬದಲಾಯಿಸುವ ಅಗತ್ಯವೂ’—

ಕಾರಣಪ್ಪ ಥಟ್ಟನೆ ಅವಳ ಪೆನ್ನಿನ ಮುಂದೆ ಅಂಗೈ ಅಡ್ಡ ಹಿಡಿದ. “ಅಲ್ಲಿಗೇ ಸಾಕು. ಎರಡನೇ ವಾಕ್ಯ ಹೊಡೆದುಹಾಕಿ. ಮೊದಲನೇದಕ್ಕೆ ಸೀಲು ಒತ್ತಿಬಿಡಿ.”

ಡಿಪೋದಲ್ಲಿ ಅವನು ಬರೆಯುವ ಕಾರಣಗಳ ಆಯುಷ್ಯ ಒಂದು ದಿನ. ರೈಲ್ವೆ ಗೇಟು ತೆರೆದುಕೊಳ್ಳುತ್ತದೆ, ಕತ್ತೆಯೂ ಒಂದು ನಿರ್ಧಾರಕ್ಕೆ ಬಂದು ಹೊರಟುಹೋಗುತ್ತದೆ. ಇಲ್ಲಿ ಸಿಕ್ಕಿದ್ದು ಬೆಸುಗೆ ಹಾಕಿದ, ಸೀಲು ಒತ್ತಿದ, ಸಾಯುವ ತನಕ ಬಾಳಿಕೆ ಬರುವ ಕಾರಣ. ಅವನು ಆ ಚೀಟಿಗೆ ಗಾಜಿನ ಕಟ್ಟು ಹಾಕಿಸಿ ಊಟದ ಮೇಜಿನ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಮಿಠಾಯಿ ಹಂಚಿದ್ದರಿಂದ, ಟೈಲರ ಮನೆಯವರು ಕಾರಣಪ್ಪನಿಗೆ ಬಡ್ತಿಯಾಗಿದೆ ಎಂದುಕೊಂಡರು.

ಮರುದಿನ ಭಾನುವಾರ. ಮಿಠಾಯಿ ತಿಂದವರೆಲ್ಲ ರೇಸು ನೋಡಲು ಬಂದರು. ಹೆಡ್ ಮೆಕ್ಯಾನಿಕ್ ಬಂದರು, ಟೈಲರು ಬಂದರು, ಅತ್ತೆಯ ಒತ್ತಾಯಕ್ಕೆ ರಿಪೇರಿಯ ಹೆಂಗಸೂ ಬಂದಳು. ಭಾಮೈದ ಹೋದ ತಿಂಗಳಷ್ಟೇ ಕೊಂಡ ಹೊಸ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಗೋಡೆಯ ಕಟ್ಟಿನೊಳಗಿನ ಚೀಟಿಯನ್ನು ಒಮ್ಮೆ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಯಾರೂ ನಿರೀಕ್ಷಿಸದ ಒಂದು ಕೆಲಸ ಮಾಡಿದ. ತನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಜಾರಿಸಿ ಭಾವನ ಮುಂದೆ ತಳ್ಳಿದ.

“ನೀವು ನನ್ನದರಲ್ಲಿ ಆಡಿ ಭಾವ. ನಾನು ನಿಮ್ಮದರಲ್ಲಿ ಆಡ್ತೀನಿ.”

“ಛೆ ಛೆ! ನಿನಗ್ಯಾಕೆ ಕಷ್ಟ?”

“ಕಷ್ಟವೇನಿಲ್ಲ. ಒಂದೇ ಒಂದು ಸಲ ನ್ಯಾಯವಾಗಿ ಗೆದ್ದುಬಿಡ್ತೀನಿ. ಆಮೇಲೆ ಈ ಜನ್ಮದಲ್ಲಿ ನಿಮ್ಮನ್ನ ಏನೂ ಕೇಳಲ್ಲ.”

ಕಾರಣಪ್ಪ ಹೆಬ್ಬೆರಳು ತೋರಿಸಿದ. ಯಾರೂ ಅದರತ್ತ ನೋಡಲಿಲ್ಲ. ಅತ್ತೆ ಕುರ್ಚಿ ಎಳೆದುಕೊಂಡು ಬ್ರೇಕಿನ ಕಾಲನ್ನು ಮುಂದಿಟ್ಟು ತಯಾರಾದರು.

ನಂಬುವವರು ನಂಬಲಿ, ಬಿಡುವವರು ಬಿಡಲಿ: ಅಂದು ಕಾರಣಪ್ಪ ಗೆದ್ದ. ಭಯದಲ್ಲಿ ಅವನಿಗೆ ಬ್ರೇಕು ಯಾವುದೆಂಬುದೇ ಮರೆತುಹೋಗಿತ್ತು. ಮೂರನೆಯ ತಿರುವಿನಲ್ಲಿ ಅತ್ತೆ “ಅಯ್ಯೋ” ಎಂದದ್ದು ಕೇಳಿ ಎಡಕ್ಕೆ ಒತ್ತಿದ, ಸೇತುವೆಯ ಹತ್ತಿರ ಕಣ್ಣು ಮುಚ್ಚಿದ, ತೆರೆದಾಗ ಮುಂದೆ ಯಾರೂ ಇರಲಿಲ್ಲ. ಒಂದು ಕಾರಿನ ಉದ್ದದ ಅಂತರದಲ್ಲಿ ಗೆರೆ ದಾಟಿದ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದುನಿಂತು ಎರಡೂ ತೋಳು ಮೇಲೆತ್ತಿದ. ಚಪ್ಪಾಳೆ ಬಿತ್ತು. ಎಲ್ಲರೂ ಹತ್ತಿರ ಬಂದರು. ಬಂದವರು ಅವನನ್ನು ಬಳಸಿಕೊಂಡು ಹೋಗಿ ಲ್ಯಾಪ್‌ಟಾಪನ್ನು ಸುತ್ತುಗಟ್ಟಿದರು.

“ಎಂಥಾ ಎಂಜಿನ್ರೀ ಇದು!” ಎಂದು ಹೆಡ್ ಮೆಕ್ಯಾನಿಕ್ ಅದರ ಬೆನ್ನು ತಟ್ಟಿದರು.

“ಗಾಳಿ ಹಾಗೆ ಹೋಯ್ತು” ಎಂದರು ಟೈಲರು.

ಭಾಮೈದ ಸೋತ ಮುಖದಿಂದಲೇ ಕೈ ಚಾಚಿದ. “ನಾನೇ ಸುಮ್ಮನೆ ನಿಮ್ಮನ್ನ ಅನುಮಾನಿಸಿದೆ ಭಾವ. ನೀವು ಹೇಳಿದ್ದೇ ನಿಜ. ಎಲ್ಲಾ ಪ್ರೊಸೆಸರ್‌ದೇ.”

ಮೇಲೆತ್ತಿದ ತೋಳುಗಳನ್ನು ಇಳಿಸುವುದೋ ಬಿಡುವುದೋ ತಿಳಿಯದೆ ಕಾರಣಪ್ಪ ಒಂದನ್ನು ಮಾತ್ರ ಇಳಿಸಿದ. “ತಡಿ, ತಡಿ. ಪ್ರೊಸೆಸರ್‌ದು ಏನೂ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಮೂರನೇ ತಿರುವಲ್ಲಿ ಹಾಗೆ ನುಗ್ಗಿದೆನಲ್ಲ, ಅದು ಕೈ. ಕೈಚಳಕ!”

“ಅತಿ ವಿನಯ ಬೇಡ್ರೀ” ಎಂದರು ಹೆಡ್ ಮೆಕ್ಯಾನಿಕ್.

“ಇದು ವಿನಯ ಅಲ್ರೀ! ನಾನೇ ಗೆದ್ದೆ ಅಂತ ಹೇಳ್ತಿದ್ದೀನಿ!”

“ನೀವು ಮೊದಲು ಬಂದ್ರಿ. ಯಾರು ಇಲ್ಲ ಅಂದ್ರು?” ಎಂದ ಭಾಮೈದ, ಒಂದಿಷ್ಟೂ ಕೊಂಕಿಲ್ಲದೆ.

“ಮೂರು ವರ್ಷದಿಂದ ಕೈಯದೇನೂ ತಪ್ಪಿಲ್ಲ ಅಂತಿದ್ರಲ್ಲ” ಎಂದಳು ಹೆಂಡತಿ, ಉತ್ತರಪತ್ರಿಕೆಯಿಂದ ತಲೆಯೆತ್ತದೆ.

“ಸೋತಾಗ ಅದು ಕೈಯದಲ್ಲ. ಗೆದ್ದಾಗ ಕೈಯದು. ಇದರಲ್ಲಿ ಅರ್ಥ ಆಗದೇ ಇರೋದೇನಿದೆ?”

“ನಾನೂ ಗಿರಾಕಿಗಳಿಗೆ ಹಾಗೇ ಹೇಳ್ತೀನಿ” ಎಂದರು ಟೈಲರು ಸಹಾನುಭೂತಿಯಿಂದ. “ಹೊಲಿಗೆ ಚೆನ್ನಾಗಾದ್ರೆ ನಾನು, ಕೆಟ್ಟರೆ ಮೆಷಿನ್ನು. ಒಬ್ಬರೂ ನಂಬಲ್ಲ.”

ಕಾರಣಪ್ಪನ ಕಿವಿ ಕೆಂಪಾಯಿತು. ಮೂರು ವರ್ಷ ಕಾದು ಸಿಕ್ಕ ಒಂದೇ ಒಂದು ಗೆಲುವನ್ನು ಒಂದು ಡಬ್ಬಿ ಹೊತ್ತುಕೊಂಡು ಹೋಗುತ್ತಿತ್ತು. “ಕೊಡೋ ಇಲ್ಲಿ ನನ್ನ ಹಳೇದನ್ನ!” ಎಂದು ಗುಡುಗಿದ. “ಅದರಲ್ಲೇ ಆಡಿ, ನಿನ್ನ ಹೊಸದನ್ನ ಹಿಂದೆ ಹಾಕಿ ತೋರಿಸ್ತೀನಿ, ಕೈ ಅಂದ್ರೆ ಏನು ಅಂತ!”

ಹೆಂಡತಿ ಈಗ ತಲೆಯೆತ್ತಿ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. “ನೋಡ್ರೀ. ಹಳೇದರಲ್ಲಿ ಗೆದ್ರೆ, ಮೂರು ವರ್ಷ ಪ್ರೊಸೆಸರ್ ಮೇಲೆ ಹಾಕಿದ್ದೆಲ್ಲ ಸುಳ್ಳಾಯ್ತು. ಸೋತ್ರೆ, ಇವತ್ತಿನ ಗೆಲುವು ಮೆಷಿನ್‌ದಾಯ್ತು. ಯಾವುದು ಬೇಕು ನೀವೇ ನೋಡ್ಕೊಳ್ಳಿ.”

ಅಷ್ಟರಲ್ಲಿ ಭಾಮೈದ ಯಂತ್ರಗಳನ್ನು ಅದಲುಬದಲು ಮಾಡಿ, ಹಳೆಯದರಲ್ಲಿ ಆಟ ತೆರೆದು, ತಂತಿ ಸಿಕ್ಕಿಸಿಯಾಗಿತ್ತು. ಪರದೆಯ ಮೇಲೆ ಮೂರು, ಎರಡು, ಒಂದು ಎಂದು ಬಂತು. ಕಾರಣಪ್ಪನ ಬೆರಳು ತಂತಾನೇ ಒತ್ತಿತು.

ಧೂಳು ಹೋದ ಹಳೆಯ ಲ್ಯಾಪ್‌ಟಾಪ್ ಕಟ್ಟಿದ ಮೂಗು ಬಿಟ್ಟ ನೆಗಡಿಯವನಂತೆ ಹಗುರಾಗಿತ್ತು. ಬೆರಳು ಅಲುಗುವುದೇ ತಡ, ಕಾರು ತಿರುಗುತ್ತಿತ್ತು. ಕಾರಣಪ್ಪ ಬೆವರಿದ. ಸ್ವಲ್ಪ ನಿಧಾನ ಮಾಡೋಣವೆಂದುಕೊಂಡರೆ ಭಾಮೈದ ಮೈಮೇಲೆ ಬರುತ್ತಿದ್ದ. ಸೋಲುವ ಭಯಕ್ಕೆ ವೇಗ ಹೆಚ್ಚಿಸುತ್ತಿದ್ದ, ಗೆಲ್ಲುವ ಭಯಕ್ಕೆ ಇಳಿಸುತ್ತಿದ್ದ. ಪಕ್ಕದಲ್ಲಿ ಅತ್ತೆಗೆ ಯಾವ ಕಾಲನ್ನು ಒತ್ತಬೇಕೆಂದು ತಿಳಿಯಲಿಲ್ಲ. ಏಳನೆಯ ಸುತ್ತಿನ ಕೊನೆಗೆ ಅವನೇ ಮುಂದಿದ್ದ. ಗೆರೆ ಇನ್ನು ನಾಲ್ಕು ಮಾರು ದೂರವಿತ್ತು. ಕಾರಣಪ್ಪ ಗಕ್ಕನೆ ಬ್ರೇಕು ಹಾಕಿ ನಿಂತುಬಿಟ್ಟ.

ಹಿಂದಿನಿಂದ ಬಂದ ಭಾಮೈದನೂ ಪಕ್ಕದಲ್ಲಿ ಬ್ರೇಕು ಹಾಕಿದ. “ಏನಾಯ್ತು ಭಾವ? ಹ್ಯಾಂಗ್ ಆಯ್ತಾ?”

“ಏನೋ ಒಂದು ಆಯ್ತು. ನೀನು ಹೋಗು.”

“ನಾನು ಹೋಗಲ್ಲ. ಹೋದ್ರೆ ‘ನನ್ನದು ಹ್ಯಾಂಗ್ ಆಗಿತ್ತು’ ಅಂತ ನಾಳೆಯಿಂದ ಶುರು ಮಾಡ್ತೀರಿ. ನೀವು ಓಡಿಸಿ.”

“ನೀನು ಚಿಕ್ಕವನು. ಮೊದಲು ಹೋಗು.”

“ದೊಡ್ಡವರಿರುವಾಗ ನಾನು ಹೇಗೆ ಹೋಗ್ಲಿ? ನೀವು ನಡೀರಿ.”

“ನನಗೇನೂ ಅವಸರ ಇಲ್ಲ.”

“ನನಗೂ ಇಲ್ಲ. ನಾಳೆ ರಜೆ ಹಾಕಿದೀನಿ.”

ಎರಡು ಕಾರುಗಳೂ ಗೆರೆಯ ಮುಂದೆ ಎಂಜಿನ್ ಗುರುಗುಟ್ಟಿಸುತ್ತ ನಿಂತವು. ಟೈಲರು ಭಾಮೈದನ ಕಡೆ ಸೇರಿ “ತಳ್ಳಿಬಿಡು” ಎಂದರು. ಹೆಡ್ ಮೆಕ್ಯಾನಿಕ್ ಸ್ಪ್ಯಾನರು ಹುಡುಕತೊಡಗಿದರು. ಅತ್ತೆ, “ಅದ್ಯಾರೋ ಬರ್ತಿದಾರೆ!” ಎಂದು ಕೂಗಿದರು.

ಈ ಆಟದಲ್ಲಿ ಮೂರನೆಯ ಕಾರೊಂದು ಇರುತ್ತದೆ ಎಂದು ಈವರೆಗೆ ಹೇಳದಿದ್ದುದಕ್ಕೆ ಕಾರಣ, ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಅದು ಹಳದಿ ಬಣ್ಣದ್ದು. ತಿರುವು ಬಂದಲ್ಲೆಲ್ಲ ಗೋಡೆಗೆ ಮುತ್ತಿಟ್ಟು, ಹಿಂದೆ ಸರಿದು, ದಾರಿ ಕೇಳುವವನಂತೆ ಅತ್ತಿತ್ತ ನೋಡಿ ಮತ್ತೆ ಹೊರಡುತ್ತಿತ್ತು. ಈಗ ಅದು ಬಾನೆಟ್ಟು ಚಪ್ಪಟೆಯಾಗಿ, ಒಂದು ಬಾಗಿಲು ತೆರೆದುಕೊಂಡು, ಎರಡು ಕಾರುಗಳ ನಡುವಿನ ಜಾಗದಲ್ಲಿ ಮೈ ಕಿರಿದುಮಾಡಿಕೊಂಡು ತೂರಿ ಗೆರೆ ದಾಟಿತು. ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಹಾರಿದವು.

ಎಲ್ಲರೂ ಪರದೆಯ ಮೇಲೆ ಬಾಗಿದರು.

“ಅದನ್ನ ಓಡಿಸಿದ್ದು ಯಾರ್ರೀ?” ಎಂದರು ಹೆಡ್ ಮೆಕ್ಯಾನಿಕ್.

“ಮನುಷ್ಯರು ಯಾರೂ ಅಲ್ಲ” ಎಂದಳು ರಿಪೇರಿಯ ಹೆಂಗಸು. “ಅದು ಪ್ರೊಸೆಸರೇ ಓಡಿಸೋ ಕಾರು.”

“ಯಾವ ಪ್ರೊಸೆಸರು? ಹೊಸದಾ?”

“ಆಟ ತೆರೆದಿರೋದು ಯಾವುದರಲ್ಲೋ, ಅದರದ್ದು” ಎಂದು ಅವಳು ಕಾರಣಪ್ಪನ ಮುಂದಿದ್ದ ಹಳೆಯ ಲ್ಯಾಪ್‌ಟಾಪಿನತ್ತ ಗಲ್ಲ ಚಾಚಿದಳು.

ಕಾರಣಪ್ಪ ಬಾಯಿ ತೆರೆದ. ಅತ್ತೆ ಎದ್ದು ಬಂದು, ಅಳಿಯನ ಭುಜವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಇನ್ನೂ ಬಿಸಿಯಾಗಿದ್ದ ಆ ಯಂತ್ರದ ಮೇಲೆ ಕೈಯಿಟ್ಟು, “ಶಭಾಷ್” ಎಂದರು.